‘ಡೆಡ್’ ಅಂದರೆಲ್ಲ ‘ಸತ್ತ’ ಅಲ್ಲ: ತೂಬಿಗೆ ಸಿಗದ ನೀರಿಗೊಂದು ಪದ ಬೇಕು

ಗೆಳೆಯರೇ, ನಮಸ್ಕಾರ.

ಹೋದ ತಿಂಗಳು ಪರಿಚಯದ ಮೇಷ್ಟ್ರೊಬ್ಬರು ತಮ್ಮ ಶಾಲೆಯ ದಪ್ಪ ರಟ್ಟಿನ ಪುಸ್ತಕವೊಂದನ್ನು ತೋರಿಸಿದರು. ಹಳೆಯ ಪುಸ್ತಕದ ಮೇಲೆ ‘ಡೆಡ್ ಸ್ಟಾಕ್ ರಿಜಿಸ್ಟರ್’ ಅಂತ ಇತ್ತಂತೆ. ಎಲ್ಲವೂ ಕನ್ನಡದಲ್ಲಿರಲಿ ಅಂತ ಯಾರೋ ಹೊಸದಕ್ಕೆ ‘ಮೃತ ದಾಸ್ತಾನು ವಹಿ’ ಎಂದು ಅಚ್ಚು ಹಾಕಿಸಿದ್ದಾರೆ. ಒಳಗೆ ನೋಡಿದೆ. ಬೆಂಚು 42, ಕಬ್ಬಿಣದ ಬೀರು 3, ಗೋಡೆ ಗಡಿಯಾರ 1, ಹಿತ್ತಾಳೆ ಗಂಟೆ 1. ಆ ಗಂಟೆಯನ್ನು ದಿನಾ ಬಾರಿಸುತ್ತಾರೆ. ನಾನು ಅಲ್ಲಿ ಕೂತಿದ್ದ ಹೊತ್ತಿನಲ್ಲೇ ಎರಡು ಸಲ ಹೊಡೆಯಿತು. ಅದನ್ನು ‘ಮೃತ’ ಅಂತ ಬರೆದಿರುವುದು ನೋಡಿ ಮನಸ್ಸಿಗೆ ಒಂಥರಾ ಆಯಿತು.

ಕಚೇರಿಯ ಲೆಕ್ಕದಲ್ಲಿ ಡೆಡ್ ಸ್ಟಾಕ್ ಅಂದರೆ ಬಳಸಿದರೂ ಖರ್ಚಾಗಿ ಹೋಗದ ಸಾಮಾನು. ಸೀಮೆಸುಣ್ಣ, ಕಾಗದ, ಶಾಯಿ ಖರ್ಚಾಗುತ್ತವೆ, ಅವುಗಳಿಗೆ ಬೇರೆ ಪುಸ್ತಕ. ಇಂಗ್ಲೆಂಡಿನ ಹೊಲಮನೆಗಳಲ್ಲಿ ಈ ಮಾತು ಜೋಡಿಯಾಗಿ ಬರುತ್ತದೆ. ದನ, ಕುರಿ, ಹಂದಿ ಎಲ್ಲ ಲೈವ್ ಸ್ಟಾಕ್. ನೇಗಿಲು, ಗಾಡಿ, ಸಲಕರಣೆ ಡೆಡ್ ಸ್ಟಾಕ್. ಅಂದರೆ ಉಸಿರಾಡುವ ಆಸ್ತಿ, ಉಸಿರಾಡದ ಆಸ್ತಿ. ಅಲ್ಲಿ ಯಾವುದೂ ಸತ್ತಿಲ್ಲ.

ನನಗೆ ತೊಡಕು ಕಾಣುವುದು ಇಲ್ಲೇ. ನಮ್ಮ ‘ಸತ್ತ’ ಅನ್ನುವುದು ‘ಸಾಯು’ ಕ್ರಿಯೆಯಿಂದ ಬಂದದ್ದು. ಮೊದಲು ಬದುಕಿತ್ತು, ಆಮೇಲೆ ಸತ್ತಿತು ಅನ್ನುವ ಕಥೆ ಆ ಪದದೊಳಗೇ ಇದೆ. ಸಂಸ್ಕೃತದ ‘ಮೃತ’ವೂ ಅಷ್ಟೇ. ಇಂಗ್ಲಿಷಿನ ‘ಡೆಡ್’ ಬರೀ ಒಂದು ಸ್ಥಿತಿಯನ್ನು ಹೇಳುತ್ತದೆ. ಜೀವ ಹೋದದ್ದೂ ಡೆಡ್, ಮೊದಲಿನಿಂದಲೂ ಜೀವ ಇಲ್ಲದ್ದೂ ಡೆಡ್, ಅಲ್ಲಾಡದ್ದೂ ಡೆಡ್, ಕೆಲಸಕ್ಕೆ ಬಾರದ್ದೂ ಡೆಡ್. ಅದೆಲ್ಲಕ್ಕೂ ‘ಸತ್ತ’ ಹಚ್ಚಿದರೆ ನಡೆಯದೇ ಇರುವ ಸಾವನ್ನು ನಾವು ಹೇಳಿದ ಹಾಗಾಗುತ್ತದೆ.

ಬೇಡದ ಕಡೆ ನಮ್ಮ ಜನ ‘ಸತ್ತ’ ಅನ್ನುವುದೂ ಇಲ್ಲ. ಅಂಗಡಿಯವರ ಡೆಡ್ ಸ್ಟಾಕ್ ಬೇರೆ, ಅದು ಮಾರಾಟವಾಗದ ಸರಕು. ಅದಕ್ಕೆ ಅವರು ‘ಮಾಲು ಕೂತಿದೆ’ ಅನ್ನುತ್ತಾರೆ. ಓಡುವ ಮಾಲು, ಕೂತ ಮಾಲು, ಎಷ್ಟು ಸಲೀಸು ನೋಡಿ. ಗಡಿಯಾರ ‘ನಿಂತಿದೆ’. ಬಲ್ಬು ‘ಹೋಗಿದೆ’. ಕೆಂಡ ‘ಆರಿದೆ’. ಬಾವಿ ‘ಬತ್ತಿದೆ’. ಒಂದೇ ಮಗ್ಗುಲಲ್ಲಿ ಮಲಗಿ ಎದ್ದಾಗ ತೋಳು ‘ಮರಗಟ್ಟಿದೆ’, ಅಂದರೆ ಮರವೇ ಆಗಿಬಿಟ್ಟಿದೆ. ಕಾಡಿನ ನೆಲದ ಮೇಲೆ ಬಿದ್ದಿರುವುದು ಸತ್ತ ಎಲೆಯಲ್ಲ, ತರಗೆಲೆ. ಒಣಗಿ ನಿಂತ ಮರದ ಬೊಡ್ಡೆ ಕೊರಡು. ಕೊರಡೂ ಕೊನರುತ್ತದೆ ಅನ್ನುವ ಮಾತು ನಮ್ಮಲ್ಲಿದೆ ಅಲ್ವಾ, ಅದನ್ನು ‘ಸತ್ತ ಮರ’ ಅಂದುಬಿಟ್ಟರೆ ಆ ಆಸೆಗೇ ಜಾಗ ಇರುವುದಿಲ್ಲ.

ಹಾಗಂತ ‘ಸಾಯು’ವನ್ನು ನಾವು ಬೇರೆ ಕಡೆ ಎಳೆದುಕೊಂಡಿಲ್ಲ ಅಂತಲ್ಲ. ಕಬಡ್ಡಿಯಲ್ಲಿ ಔಟಾದವನು ಸತ್ತ, ಆಮೇಲೆ ಅವನಿಗೆ ಜೀವ ಬರುತ್ತದೆ. ಚೌಕಾಬಾರದಲ್ಲಿ ಕಾಯಿ ಸಾಯುತ್ತದೆ. ಅಲ್ಲೆಲ್ಲ ಬದುಕಿ ಸತ್ತ ಕಥೆ ಇದೆ, ಅದಕ್ಕೇ ಒಗ್ಗುತ್ತದೆ. ಕ್ರಿಕೆಟ್ಟಿನ ಡೆಡ್ ಬಾಲ್ ಕೂಡ ಈ ಗುಂಪಿಗೇ ಸೇರಬೇಕು. ಬೌಲರ್ ಓಡಲು ಶುರು ಮಾಡಿದಾಗ ಆ ಚೆಂಡಿಗೆ ಮತ್ತೆ ಜೀವ ಬರುತ್ತದೆ.

ಇನ್ನು ‘ಹೆಣಭಾರ’. ಇಂಗ್ಲಿಷಿನ ಡೆಡ್ ವೆಯ್ಟ್‌ಗೆ ಇದಕ್ಕಿಂತ ಒಳ್ಳೆಯ ಪದ ಹುಡುಕುವುದೇ ಬೇಡ. ಎಚ್ಚರ ಇರುವ ಮನುಷ್ಯ ಎತ್ತಿಕೊಂಡವರ ಹೆಗಲಿಗೆ ತಾನೂ ಆತುಕೊಳ್ಳುತ್ತಾನೆ, ಹೆಣ ಹಾಗೆ ಮಾಡುವುದಿಲ್ಲ. ಹೊತ್ತವರಿಗೇ ಗೊತ್ತು. ಆದರೆ ಕಟ್ಟಡದವರ ‘ಡೆಡ್ ಲೋಡ್’ ಅದಲ್ಲ. ಗೋಡೆ, ಛಾವಣಿ, ತೊಲೆಗಳ ಸ್ವಂತ ತೂಕ ಅದು. ಜನ, ಸಾಮಾನಿನ ತೂಕ ಲೈವ್ ಲೋಡ್. ಇಲ್ಲಿ ‘ಸ್ವಂತ ಭಾರ’ ಅಂದರೆ ಸಾಕು.

ಡೆಡ್ ಸ್ಲೋ, ಡೆಡ್ ಸೆಂಟರ್, ಡೆಡ್ ಟಯರ್ಡ್ ಅನ್ನುವಲ್ಲಿ ಆ ಪದಕ್ಕೆ ‘ಪೂರ್ತಿ’, ‘ಸರಿಯಾಗಿ’ ಅನ್ನುವಷ್ಟೇ ಅರ್ಥ. ಇದಕ್ಕೆ ನಮ್ಮಲ್ಲಿ ಬಡತನವೇ ಇಲ್ಲ. ನಟ್ಟನಡುವೆ, ನಟ್ಟಿರುಳು, ಕಗ್ಗತ್ತಲೆ, ತುತ್ತತುದಿ. ದುಡಿದು ಬಂದವರು ‘ಸತ್ತು ಸುಣ್ಣ ಆದೆ’ ಅನ್ನುವಾಗ ಮಾತ್ರ ಎರಡೂ ಭಾಷೆ ಒಂದೇ ದಾರಿ ಹಿಡಿದಿವೆ. ಡೆಡ್ ಎಂಡ್‌ಗೆ ‘ಮುಂದೆ ದಾರಿ ಇಲ್ಲ’ ಅನ್ನುವ ಫಲಕವೇ ಚೆನ್ನ.

ಡೆಡ್‌ಲೈನ್ ಮಾತ್ರ ನಿಜವಾಗಿಯೂ ಸಾವಿನಿಂದ ಬಂದದ್ದು. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಬೇಲಿಯಿಂದ ಸುಮಾರು 19 ಅಡಿ ಒಳಗೆ ಒಂದು ಗೆರೆ ಇತ್ತು. ಅದನ್ನು ದಾಟಿದ ಕೈದಿಗೆ ಗುಂಡು. ಆಮೇಲೆ ಅಮೆರಿಕದ ಪತ್ರಿಕೆಯವರ ಬಾಯಲ್ಲಿ ಅದೇ ಪದ ಸುದ್ದಿ ಕೊಡಬೇಕಾದ ಕೊನೆಯ ಹೊತ್ತಾಯಿತು. ನಮ್ಮ ‘ಗಡುವು’ ಆ ನೆತ್ತರನ್ನೇನೂ ಹೊತ್ತು ತರುವುದಿಲ್ಲ, ಅರ್ಥವನ್ನು ಮಾತ್ರ ತರುತ್ತದೆ. ಇಷ್ಟು ಒಳ್ಳೆಯ ಪದ ಇಟ್ಟುಕೊಂಡು ಡೆಡ್‌ಲೈನ್ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ‘ಮೃತ ಸಮುದ್ರ’ ಹಾಗೇ ಇರಲಿ, ಅದು ಹೆಸರಾಗಿ ನೆಲೆ ನಿಂತಿದೆ. ಅಲ್ಲಿನ ಹೀಬ್ರೂ ಜನ ಅದನ್ನು ಉಪ್ಪಿನ ಸಮುದ್ರ ಅನ್ನುತ್ತಾರೆ ಅನ್ನುವುದನ್ನೂ ನೆನಪಿಡೋಣ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟ ಓದುತ್ತೇವೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ತುಂಬಿದರೆ 49.45 ಟಿಎಂಸಿ. ಇದು ಮಂಡ್ಯ, ಮೈಸೂರಿನವರಿಗೆ ಬಾಯಿಪಾಠ. ಮಳೆ ಕೈಕೊಟ್ಟ ವರ್ಷ ಅದರ ಜೊತೆಗೆ ‘ಡೆಡ್ ಸ್ಟೋರೇಜ್’ ಅನ್ನುವ ಮಾತು ಬರುತ್ತದೆ. ಅಣೆಕಟ್ಟೆಯ ತೀರ ಕೆಳಗಿನ ಬಾಗಿಲಿಗಿಂತಲೂ ಕೆಳಗೆ ಉಳಿಯುವ ನೀರು ಅದು. ತಾನಾಗಿ ಹರಿದು ಹೊರಗೆ ಬರುವುದಿಲ್ಲ. ವರ್ಷ ವರ್ಷ ಬಂದು ಕೂರುವ ಹೂಳಿಗೂ ಆ ಜಾಗ ಬಿಟ್ಟಿರುತ್ತಾರೆ. ‘ಮೃತ ಸಂಗ್ರಹ’ ಅಂತ ಬರೆದದ್ದನ್ನೂ ಓದಿದ್ದೇನೆ. ಆ ನೀರಿನಲ್ಲಿ ಮೀನು ಬದುಕಿರುತ್ತವೆ. ಕಡುಬರದಲ್ಲಿ ಮೋಟಾರು ಇಟ್ಟು ಎತ್ತಿದರೆ ಊರುಗಳಿಗೆ ಕುಡಿಯಲು ಅದೇ ಗತಿ. ಅದನ್ನು ಸತ್ತದ್ದು ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮೂರ ಕೆರೆಯಲ್ಲೂ ಹೀಗೆ ನೀರು ಉಳಿಯುತ್ತಿತ್ತು. ತೂಬು ಎತ್ತಿದರೂ ಗದ್ದೆಗೆ ಹರಿಯದು. ಏಪ್ರಿಲ್ಲಿನಲ್ಲಿ ದನಗಳು ಕೆಸರು ತುಳಿದುಕೊಂಡು ಹೋಗಿ ಅದನ್ನು ಕುಡಿಯುತ್ತಿದ್ದವು. ನಾವು ಹುಡುಗರು ಮೊಣಕಾಲು ಮಟ್ಟದ ಆ ನೀರಿನಲ್ಲಿ ಮೀನು ಹಿಡಿಯುತ್ತಿದ್ದೆವು. ಅದನ್ನು ದೊಡ್ಡವರು ಏನೆಂದು ಕರೆಯುತ್ತಿದ್ದರೋ ನೆನಪಿಗೆ ಬರುತ್ತಿಲ್ಲ, ಕೇಳೋಣ ಅಂದರೆ ನಮ್ಮೂರ ನೀರಗಂಟಿ ಈಗಿಲ್ಲ. ಸದ್ಯಕ್ಕೆ ನಾನು ‘ತಳನೀರು’ ಅಂತ ಬರೆದುಕೊಳ್ಳುತ್ತಿದ್ದೇನೆ. ಆದರೆ ಕೆರೆ ನೋಡಿಕೊಂಡು ಬಂದವರ ಬಾಯಲ್ಲಿ ಇದಕ್ಕೊಂದು ಪದ ಇದ್ದೇ ಇರಬೇಕು. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯವರು, ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಕೇಳಿ ಬರೆಯಿರಿ: ತೂಬಿಗೆ ಸಿಗದೆ ಕೆರೆಯಲ್ಲೇ ಉಳಿಯುವ ನೀರಿಗೆ ನಿಮ್ಮಲ್ಲಿ ಏನೆನ್ನುತ್ತಾರೆ?