ಪುತ್ತೂರಿಗೆ ಟ್ರಾನ್ಸ್‌ಫರ್, ಹಾವಿನ ಭಯಕ್ಕೆ ನಿದ್ದೆ ಇಲ್ಲ: ಓದುಗರ ಸ್ಪಂದನ

ಕಳೆದ ಸಲದ ಸಮಸ್ಯೆ: ನಾನು ಹುಟ್ಟಿ ಬೆಳೆದಿದ್ದೆಲ್ಲ ಬೆಂಗಳೂರಲ್ಲೇ, ಮದುವೆ ಆದ್ಮೇಲೂ ಮೂರನೇ ಫ್ಲೋರ್ ಫ್ಲ್ಯಾಟು. ಈಗ ಯಜಮಾನ್ರಿಗೆ ಬ್ಯಾಂಕಲ್ಲಿ ಪುತ್ತೂರಿಗೆ ಟ್ರಾನ್ಸ್‌ಫರ್ ಆಗಿದೆ, ಜೂನಲ್ಲಿ ಹೋಗ್ಬೇಕು. ಮನೆ ನೋಡ್ಕೊಂಡು ಬಂದು ಫೋಟೋ ತೋರಿಸಿದ್ರು, ಹೆಂಚಿನ ಮನೆ, ದೊಡ್ಡ ಅಂಗಳ, ಹಿಂದೇನೇ ಅಡಿಕೆ ತೋಟ, ಬಚ್ಚಲು ಹೊರಗಡೆ. ಓನರ್ ಬೇರೆ "ಆಗಾಗ ಕೇರೆ ಬರ್ತದೆ, ಅದು ಎಂತ ಮಾಡುದಿಲ್ಲ" ಅಂದ್ರಂತೆ. ಆವತ್ತಿಂದ ನಂಗೆ ನಿದ್ದೆ ಇಲ್ಲ. ಜಿರಳೆ ಕಂಡ್ರೇ ಮಂಚ ಹತ್ತೋಳು ನಾನು. ಏಳು ವರ್ಷದ ಮಗಳಿದ್ದಾಳೆ. ನಗ್ಬೇಡಿ, ಏನಾದ್ರೂ ಹೇಳಿ.

ಅಡಿಕೆ ತೋಟದವಳು, ಪುತ್ತೂರು ಹತ್ರ

ಅಕ್ಕಾ, ನಗುದಿಲ್ಲ ಆಯ್ತಾ. ಆದ್ರೆ ಒಂದು ಮಾತು, ನಿಮ್ಮ ಓನರ್ ಹಾಗೆ ಹೇಳಿದ್ದು ಹೆದರಿಸ್ಲಿಕ್ಕೆ ಅಲ್ಲ ಮಾರಾಯ್ರೆ, ಅವರ ಲೆಕ್ಕದಲ್ಲಿ ಅದು ಮನೆಯ ಪ್ಲಸ್ ಪಾಯಿಂಟ್! ಕೇರೆ ಓಡಾಡಿಕೊಂಡಿದ್ರೆ ಇಲಿ ಹೆಗ್ಗಣ ಕಮ್ಮಿ ಅಂತ. ನಮ್ಮ ಮನೆ ಹಿಂದೆ ಒಂದು ಉಂಟು, ಏಳೆಂಟು ಅಡಿ ಇರ್ಬಹುದು, ನಾನು ಪಾತ್ರೆ ತೊಳಿಲಿಕ್ಕೆ ಹೋದ್ರೆ ನನಗಿಂತ ಮೊದಲು ಅದೇ ಓಡುದು. ವಿಷ ಇಲ್ಲ ಅದಕ್ಕೆ. ಎರಡು ಕೇರೆ ಸುತ್ತಿಕೊಂಡು ಎದ್ದು ನಿಂತದ್ದು ಕಂಡ್ರೆ ನಮ್ಮ ಅಜ್ಜಿ ಗಂಡ ಹೆಂಡತಿ ಅಂತ ಹೇಳ್ತಿದ್ರು, ಅದು ಎರಡು ಗಂಡು ಹಾವಿನ ಕುಸ್ತಿ ಅಂತ ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ.

ನೀವು ಹೆದರ್ಲೇಬೇಕು ಅಂತಾದ್ರೆ ಕನ್ನಡಿ ಹಾವಿಗೆ ಹೆದರಿ, ಕೊಳಕುಮಂಡಲ ಅಂತಾರಲ್ಲ ಅದು. ಬೇರೆ ಹಾವೆಲ್ಲ ನಮ್ಮ ಹೆಜ್ಜೆಗೆ ಜಾಗ ಬಿಡ್ತದೆ, ಇದು ಮಾತ್ರ ಒಣಗಿದ ಎಲೆ ನಡುವೆ ಬಿದ್ದಲ್ಲೇ ಬಿದ್ದಿರ್ತದೆ, ಹತ್ರ ಹೋದ್ರೆ ಕುಕ್ಕರ್ ವಿಸಿಲಿಗೆ ಮೊದಲು ಸುಯ್ಯ್ ಅಂತದಲ್ಲ ಹಾಗೆ ಸದ್ದು ಮಾಡ್ತದೆ. ಆ ಸದ್ದು ಕೇಳಿದ್ರೆ ನಿಂತಲ್ಲೇ ನಿಲ್ಲಿ, ಎಲ್ಲುಂಟು ನೋಡಿ, ಮೆಲ್ಲ ಹಿಂದೆ ಬನ್ನಿ. ನಾವು ಸಂಜೆ ಆರೂವರೆ ಮೇಲೆ ಟಾರ್ಚ್ ಇಲ್ಲದೆ ಅಂಗಳಕ್ಕೂ ಕಾಲಿಡುದಿಲ್ಲ. ಬಚ್ಚಲು ಹೊರಗೆ ಅಂದ್ರಲ್ಲ, ಅಲ್ಲಿವರೆಗೆ ದಾರಿಗೊಂದು ಬಲ್ಬ್ ಹಾಕಿಸ್ಲಿಕ್ಕೆ ಓನರ್ ಹತ್ರ ಈಗಲೇ ಹೇಳಿ, ಅಡ್ವಾನ್ಸ್ ಕೊಟ್ಟ ಮೇಲೆ ಯಾರೂ ಕೇಳುದಿಲ್ಲ. ಸೌದೆ, ತೆಂಗಿನ ಸಿಪ್ಪೆ, ಒಡೆದ ಹೆಂಚು ಇದನ್ನೆಲ್ಲ ಗೋಡೆಗೆ ತಾಗಿಸಿ ರಾಶಿ ಹಾಕಿದ್ರೆ ದೂರಕ್ಕೆ ಹಾಕಿಸಿ. ಸೌದೆ ತೆಗೆಯುವಾಗ ಸೀದಾ ಕೈ ಹಾಕ್ಬೇಡಿ, ಕೋಲಲ್ಲಿ ಎರಡು ಸಲ ತಟ್ಟಿ. ಚಪ್ಪಲಿ, ಮಗಳ ಶೂ ಕೊಡವಿಯೇ ಹಾಕಿ.

ಮತ್ತೆ ನಾಗರಹಾವು. ನಮ್ಮಲ್ಲಿ ಅದನ್ನು ಹೊಡಿಯುವ ಮಾತೇ ಇಲ್ಲ, ಬಂದ್ರೆ ಕೈ ಮುಗಿದು ದಾರಿ ಬಿಡುದು, ಸತ್ತದ್ದು ಸಿಕ್ಕಿದ್ರೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡಿಸ್ತೇವೆ. ಆಚೆಮನೆಯವರು ಹಾವನ್ನು ಓಡಿಸದೆ ಕೈ ಮುಗಿದು ನಿಂತದ್ದು ನೋಡಿ ನಿಮಗೆ ತಲೆ ಕೆಟ್ಟೀತು, ಅದಕ್ಕೇ ಮೊದಲೇ ಹೇಳಿದ್ದು.

ಹಾಂ, ಮುಖ್ಯ ವಿಷ್ಯ ಬಿಟ್ಟೇ ಹೋಯ್ತು. ಹತ್ರ ರಬ್ಬರ್ ತೋಟ ಉಂಟಾ ಕೇಳಿ. ಇದ್ರೆ ಮೊದಲ ಮಳೆ ಬಿದ್ದ ರಾತ್ರಿ ಕಪ್ಪು ಹುಳ ಸಾವಿರಗಟ್ಟಲೆ ಮಾಡಿಗೆ ಬರ್ತದೆ, ಕಚ್ಚುದಿಲ್ಲ, ಆದ್ರೆ ಒತ್ತಿದ್ರೆ ವಾಸನೆ, ಮೈಗೆ ತಾಗಿದ್ರೆ ಉರಿ. ಒರೆಸ್ಲಿಕ್ಕೆ ಹೋಗ್ಬೇಡಿ, ಲೈಟ್ ಆಫ್ ಮಾಡಿ, ಬೆಳಿಗ್ಗೆ ಗುಡಿಸಿ. ನನಗೆ ಹಾವಿಗಿಂತ ಇದರದ್ದೇ ತಲೆಬಿಸಿ, ಸತ್ಯ.

ಬನಶಂಕರಿ ಮೂರನೇ ಸ್ಟೇಜ್

ಮೇಡಂ ಬೆಂಗಳೂರಲ್ಲಿ ಹಾವಿಲ್ಲ ಅಂತ ಯಾರು ಹೇಳಿದ್ದು ನಿಮ್ಗೆ? ನಮ್ಮ ಬೀದಿಲಿ ಖಾಲಿ ಸೈಟಿಂದ ಎರಡು ವರ್ಷದಲ್ಲಿ ಮೂರು ನಾಗರಹಾವು ಹಿಡಿಸಿದ್ದೀವಿ, ಒಂದು ಸ್ಕೂಟರ್ ಸೀಟ್ ಕೆಳಗೆ ಇತ್ತು. ನೀವು ಮೂರನೇ ಫ್ಲೋರಲ್ಲಿದ್ರಿ, ಕಾಣ್ಲಿಲ್ಲ ಅಷ್ಟೇ.

ಅನುಭವಸ್ಥ, ಹಾಸನ

ಮನೆ ಸುತ್ತ ಬೆಳ್ಳುಳ್ಳಿ ಜಜ್ಜಿದ ನೀರು ಚೆಲ್ಲಿ, ಇಲ್ಲಾಂದ್ರೆ ಕಾರ್ಬಾಲಿಕ್ ಆಸಿಡ್ ಬಾಟ್ಲಿ ಮುಚ್ಚಳ ತೆಗೆದು ನಾಲ್ಕು ಮೂಲೆಗೆ ಇಡಿ. ಹಾವು ಹತ್ರಾನೂ ಸುಳಿಯಲ್ಲ. ನಮ್ಮ ತಂದೆ ಕಾಲದಿಂದ ಮಾಡ್ತಿದ್ದೀವಿ.

ಸ್ಟಾಫ್ ನರ್ಸ್, ದಕ್ಷಿಣ ಕನ್ನಡ

ಮೇಲಿನ ಸರ್ ಬೇಜಾರು ಮಾಡ್ಕೋಬಾರ್ದು, ಕಾರ್ಬಾಲಿಕ್ ಆಸಿಡ್‌ಗೆ ಹಾವು ಹೆದರೋದಿಲ್ಲ, ಮಕ್ಕಳು ಮುಟ್ಟಿ ಕೈ ಸುಟ್ಕೊಳ್ತಾರೆ. ಏಳು ವರ್ಷದ ಮಗು ಇರೋ ಮನೇಲಿ ದಯವಿಟ್ಟು ಬೇಡ. ಬೆಳ್ಳುಳ್ಳಿ ಸಾರಿಗೆ ಹಾಕಿ. ಆ ದುಡ್ಡಲ್ಲಿ ಬಾಗಿಲ ಕೆಳಗಿನ ಸಂದಿಗೆ ಪಟ್ಟಿ ಹೊಡೆಸಿ, ಬಚ್ಚಲ ನೀರು ಹೋಗೋ ತೂತಿಗೆ ಜಾಲರಿ ಹಾಕಿಸಿ, ಹಾವು ಬರೋದು ಅಲ್ಲಿಂದ.

ನಾನು ವಾರ್ಡಲ್ಲಿ ನೋಡಿದ್ದು ಹೇಳ್ತೀನಿ. ಹಾವು ಕಚ್ಚಿ ಬರೋರಲ್ಲಿ ಜಾಸ್ತಿ ಜನ ತೋಟದ ಕೆಲಸದವರು, ಬರಿಗಾಲು, ಇಲ್ಲಾ ಹುಲ್ಲು ಕೊಯ್ಯುವಾಗ ಕೈಗೆ. ಮನೆಯೊಳಗೆ ಕಚ್ಚೋದು ಅಂದ್ರೆ ಕಟ್ಟುಹಾವು, ಕಪ್ಪು ಮೈಮೇಲೆ ಸಪೂರ ಬಿಳಿ ಪಟ್ಟೆ, ರಾತ್ರಿ ಓಡಾಡೋದು, ನೆಲದ ಮೇಲೆ ಮಲಗಿದವರನ್ನ ಕಚ್ಚುತ್ತೆ. ಕಚ್ಚಿದ್ದು ನೋಯೋದೇ ಇಲ್ಲ ಅದೇ ಕಷ್ಟ, ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದೇಳ್ತಾರೆ, ಆಮೇಲೆ ರೆಪ್ಪೆ ಎತ್ತೋಕೆ ಆಗಲ್ಲ. ಹಾಗಾಗಿ ಮಂಚದ ಮೇಲೆ ಮಲಗಿ, ಸೊಳ್ಳೆ ಪರದೆ ಹಾಕಿ ಅಂಚನ್ನ ಹಾಸಿಗೆ ಅಡಿಗೆ ಸಿಕ್ಕಿಸಿ. ಸೆಖೆ ಅಂತ ನೆಲಕ್ಕೆ ಚಾಪೆ ಹಾಸ್ಬೇಡಿ, ಏಪ್ರಿಲಲ್ಲಿ ನಿಮಗೆ ಖಂಡಿತ ಆಸೆ ಆಗುತ್ತೆ. ಇದೇ ತರ ಪಟ್ಟೆ ಇರೋ ತೋಳದ ಹಾವು ಅಂತ ಒಂದಿದೆ, ಗೋಡೆ ಹತ್ತಿ ಹಲ್ಲಿ ತಿನ್ನುತ್ತೆ, ವಿಷ ಇಲ್ಲ, ಮನೆಗಳಲ್ಲಿ ಅದೇ ಜಾಸ್ತಿ ಸಿಗೋದು. ಆದ್ರೆ ಯಾವುದು ಯಾವುದು ಅಂತ ಹತ್ರ ಹೋಗಿ ಪರೀಕ್ಷೆ ಮಾಡೋ ಕೆಲಸ ನಿಮಗೆ ಬೇಡ.

ಅಕಸ್ಮಾತ್ ಕಚ್ಚಿದ್ರೆ ಹಗ್ಗ ಬಿಗಿಯಬೇಡಿ, ಬ್ಲೇಡಲ್ಲಿ ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಉಂಗುರ ಬಳೆ ಕಾಲ್ಗೆಜ್ಜೆ ತೆಗೀರಿ, ಬಾವು ಬಂದ್ಮೇಲೆ ತೆಗೆಯಕ್ಕಾಗಲ್ಲ. ಕೈಯೋ ಕಾಲೋ ಅಲ್ಲಾಡದ ಹಾಗೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಎತ್ಕೊಂಡು, 108 ಬರೋದು ತಡ ಆದ್ರೆ ಸಿಕ್ಕಿದ ಗಾಡೀಲಿ ಆಸ್ಪತ್ರೆಗೆ ಬನ್ನಿ. ಹಾವನ್ನ ಹೊಡೆದು ಪ್ಲಾಸ್ಟಿಕ್ ಕವರಲ್ಲಿ ತರ್ತಾರೆ ಕೆಲವರು, ಒಂದ್ಸಲ ಕವರಿಂದ ಅರೆಜೀವದ್ದು ಹೊರಗೆ ಬಂದು ವಾರ್ಡೇ ಖಾಲಿ! ಹಾವು ತರೋ ಅಗತ್ಯ ಇಲ್ಲ, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಇಂಜೆಕ್ಷನ್. ರಕ್ತವನ್ನ ಗಾಜಿನ ಟ್ಯೂಬಲ್ಲಿ ಹಾಕಿ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತಾ ನೋಡ್ತಾರೆ, ವಿಷ ಏರಿದ್ರೆ ಇಂಜೆಕ್ಷನ್ ಶುರು. ಮಗೂಗೂ ದೊಡ್ಡೋರಷ್ಟೇ ಡೋಸು, ಯಾಕಂದ್ರೆ ಹಾವು ಮಗು ಅಂತ ವಿಷ ಕಮ್ಮಿ ಬಿಡಲ್ಲ. ನಮ್ಮ ಕಡೆ ಮೂಗಿನ ತುದಿ ಮೇಲಕ್ಕೆದ್ದಿರೋ ಸಣ್ಣ ಕಂದು ಮಂಡಲದ ಹಾವೂ ಇದೆ, ಅದಕ್ಕೆ ಈ ಇಂಜೆಕ್ಷನ್ ಹಿಡಿಯಲ್ಲ, ಬೇರೆ ಚಿಕಿತ್ಸೆ. ಹಾಗಾಗಿ ಆಸ್ಪತ್ರೆ ಅಂದ್ರೆ ಆಸ್ಪತ್ರೆಗೇ, ನಾಟಿ ಮದ್ದು ಅಂತ ಎರಡು ಗಂಟೆ ಕಳೆದು ಬಂದವರನ್ನ ನೋಡಿ ನೋಡಿ ನಂಗೆ ಸಿಟ್ಟು ಬರೋದು ಬಿಟ್ಟು ಅಳು ಬರುತ್ತೆ.

ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡ್ಲೇಬೇಕು. ನೀವು ಮಾಡ್ಬೇಕಾದ್ದು ಒಂದೇ, ಪುತ್ತೂರಿಗೆ ಹೋದ ಮೊದಲ ವಾರ ಹತ್ತಿರದ ಯಾವ ಆಸ್ಪತ್ರೆಲಿ ರಾತ್ರಿನೂ ಈ ಇಂಜೆಕ್ಷನ್ ಇರುತ್ತೆ ಅಂತ ಕೇಳಿ ಫ್ರಿಡ್ಜ್ ಮೇಲೆ ನಂಬರ್ ಅಂಟಿಸೋದು. ಹಾವು ಹಿಡಿಯೋರ ನಂಬರೂ ಅದರ ಕೆಳಗೆ.

ಬಿಸಿಲನಾಡಿನಾಕಿ, ಕಲಬುರಗಿ

ಯಕ್ಕಾ, ನೀವು ಹಾವಿಗಿ ಅಂಜ್ತೀರಿ, ನಮ್ ಕಡಿ ಬಂದು ಚೇಳು ನೋಡ್ರಿ. ಬ್ಯಾಸಗ್ಯಾಗ ಶಹಾಬಾದ ಕಲ್ಲಿನ ಸಂದ್ಯಾಗ ಇರ್ತಾವ, ರಾತ್ರಿ ತಂಪಾದ್ಮ್ಯಾಲ ಹೊರಗ ಬರ್ತಾವ. ದೊಡ್ಡ ಕರಿ ಚೇಳಿಗಿಂತ ಸಣ್ಣ ಕೆಂಪು ಚೇಳೇ ಕೆಟ್ಟದ್ರಿ, ಸಣ್ಣ ಮಕ್ಕಳಿಗಿ ಕಡದ್ರ ಎದಿಗೇ ಹೊಡಿತದ, ಬೆವರು, ವಾಂತಿ, ಕೈಕಾಲು ಥಣ್ಣಗ. ಈಗ ಅದಕ್ಕ ಪ್ರಜೋಸಿನ್ ಗುಳಗಿ ಅದ, ಮಹಾರಾಷ್ಟ್ರದ ಮಹಾಡದಾಗ ಬಾವಸ್ಕರ್ ಡಾಕ್ಟ್ರು ತೋರಿಸಿಕೊಟ್ಟಿದ್ದು, ಅದರಿಂದ ಭಾಳ ಹುಡುಗ್ರು ಉಳಿದಾವ. ಅಷ್ಟ ಇದ್ರೂ ನಾವೇನ್ ಊರು ಬಿಟ್ಟೀವೇನ್ರೀ? ಹಾಸಿಗಿ ಝಾಡಿಸಿ ಮಲಗ್ತೀವಿ, ಬೂಟು ಝಾಡಿಸಿ ಹಾಕ್ತೀವಿ, ಮುಗೀತು. ಆದ್ರ ನಮ್ಮ ಮನಿಯಾಗ ಬಚ್ಚಲಾ ಒಳಗೇ ಅದ, ನಿಮ್ದು ಹೊರಗ ಅಂದ್ರಿ, ಅದು ನಂಗೂ ಒಪ್ಪಲಿಲ್ಲ ನೋಡ್ರಿ.

ಫೀನಿಕ್ಸ್‌ನಿಂದ ಮೈಸೂರಿನವನು

ನಾವು ಮಿನಿಯಾಪೊಲಿಸ್‌ನಲ್ಲಿ ಒಂಬತ್ತು ವರ್ಷ ಇದ್ದು ಅರಿಜೋನಾಗೆ ಬಂದಾಗ ನನ್ನ ಹೆಂಡ್ತಿ ನಿಮ್ಮ ಹಾಗೇ ಆಡಿದ್ಲು. ಅಲ್ಲಿ ಆರು ತಿಂಗಳು ಹಿಮ, ಹುಳ ಅನ್ನೋದೇ ಮರೆತುಹೋಗಿತ್ತು. ಇಲ್ಲಿ ಬಾರ್ಕ್ ಸ್ಕಾರ್ಪಿಯನ್, ಹಳದಿ ಬಣ್ಣದ ಸಣ್ಣ ಚೇಳು, ಗೋಡೆ ಹತ್ತುತ್ತೆ, ಸೀಲಿಂಗಲ್ಲೂ ನಡೆಯುತ್ತೆ. ಅಲ್ಟ್ರಾವೈಲೆಟ್ ಟಾರ್ಚ್ ಬಿಟ್ರೆ ಚೇಳೆಲ್ಲ ಹಸಿರಾಗಿ ಹೊಳೆಯುತ್ತೆ, ಮೊದಲ ರಾತ್ರಿ ಹಿತ್ತಲಲ್ಲಿ ಟಾರ್ಚ್ ಬಿಟ್ಟಿದ್ದೇ ತಪ್ಪಾಯ್ತು, ಎಣಿಸಿದ್ಮೇಲೆ ಅವಳು ಎರಡು ದಿನ ಊಟ ಸರಿಯಾಗಿ ಮಾಡ್ಲಿಲ್ಲ. ಪಕ್ಕದ ಮನೆ ಅಜ್ಜಿ ಒಂದು ಉಪಾಯ ಹೇಳ್ಕೊಟ್ರು, ಮಗು ತೊಟ್ಟಿಲಿನ ಕಾಲನ್ನ ನುಣುಪು ಗಾಜಿನ ಜಾಡಿ ಒಳಗೆ ಇಡೋದು, ಗಾಜು ಹತ್ತಕ್ಕೆ ಚೇಳಿಗೆ ಆಗಲ್ಲ, ತೊಟ್ಟಿಲು ಗೋಡೆಗೆ ತಾಗಬಾರ್ದು ಅಷ್ಟೇ. ನಮ್ಮಜ್ಜಿ ಮೈಸೂರಲ್ಲಿ ಇರುವೆಗೆ ಅಂತ ಊಟದ ಡಬ್ಬೀನ ನೀರಿನ ತಟ್ಟೆ ಮೇಲೆ ಇಡ್ತಿದ್ದಿದ್ದು ನೆನಪಾಯ್ತು.

ಈಗ ಐದನೇ ವರ್ಷ. ಹೆಂಡ್ತಿ ರಾತ್ರಿ ಟಾರ್ಚ್ ಹಿಡಿದು ಹೋಗಿ ಇಕ್ಕಳದಲ್ಲಿ ಚೇಳು ಹಿಡಿದು ಡಬ್ಬಿಗೆ ಹಾಕ್ತಾಳೆ, ನಾನು ಬಾಗಿಲಲ್ಲಿ ನಿಂತು "ಹುಷಾರು ಕಣೇ" ಅಂತೀನಿ.

ವಾಪಸ್ ಬಂದವಳು

ಎಲ್ಲರೂ ಧೈರ್ಯ ಹೇಳ್ತಿದ್ದಾರೆ, ನಾನು ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ. ನಾನೂ ನಿಮ್ಮ ಹಾಗೇ ಬೆಂಗಳೂರಿಂದ ಕರಾವಳಿಗೆ ಹೋದವಳು, ಎರಡು ವರ್ಷಕ್ಕೆ ವಾಪಸ್ ಬಂದೆ. ಹಾವಿಂದ ಅಲ್ಲ. ಎರಡು ವರ್ಷದಲ್ಲಿ ಹಾವು ಕಂಡಿದ್ದು ನಾಲ್ಕೇ ಸಲ, ಅದರಲ್ಲಿ ಮೂರು ರಸ್ತೇಲಿ. ನನ್ನ ಸೋಲಿಸಿದ್ದು ಸೆಖೆ ಮತ್ತೆ ಬೂಷ್ಟು. ಬೆಂಗಳೂರಿನ ನಾಲ್ಕು ಪಟ್ಟು ಮಳೆ ಅಲ್ಲಿ, ಚರ್ಮದ ಬೆಲ್ಟು, ಮದುವೆ ಆಲ್ಬಮ್ಮು, ರೇಷ್ಮೆ ಸೀರೆ ಎಲ್ಲಕ್ಕೂ ಬೂಷ್ಟು. ನನ್ನ ಅಭಿಪ್ರಾಯ ಕೇಳಿದ್ರೆ ಆ ತೋಟದ ಮನೆ ಬೇಡ. ಮೊದಲ ವರ್ಷ ಪೇಟೆ ಒಳಗೆ ಮಹಡಿ ಮೇಲೆ, ಬಚ್ಚಲು ಒಳಗಿರೋ ಮನೆ ಬಾಡಿಗೆಗೆ ತಗೊಳ್ಳಿ, ಅಭ್ಯಾಸ ಆದ್ಮೇಲೆ ಬೇಕಿದ್ರೆ ಅಂಗಳದ ಮನೆಗೆ ಹೋಗಿ. ಹೆದರಿಕೆ ಇಟ್ಕೊಂಡು ರಾತ್ರಿ ಬಚ್ಚಲಿಗೆ ಹೋಗದೆ ತಡ್ಕೊಂಡು ಕೂರೋದು ಯಾವ ಶೌರ್ಯಾನೂ ಅಲ್ಲ. ನಾನು ಮಾಡಿದ್ದೆ ಅದನ್ನ, ಯೂರಿನ್ ಇನ್ಫೆಕ್ಷನ್ ಆಯ್ತು.

ಆಶಾ ಕಾರ್ಯಕರ್ತೆ, ಸುಳ್ಯ ಕಡೆ

ಎಲ್ಲ ಓದಿದೆ, ಹಾವು ಹಾವು ಹಾವು. ಸೊಳ್ಳೆ ಬಗ್ಗೆ ಯಾರಾದ್ರೂ ಬರೆದ್ರಾ? ಪರದೆ ಅಂತ ನರ್ಸಕ್ಕ ಹೇಳಿದ್ದು ಬಿಟ್ರೆ ಯಾರೂ ಇಲ್ಲ. ಜೂನಲ್ಲಿ ನಾನು ಮನೆ ಮನೆಗೆ ಹೋಗುದು ಹಾವಿಗೆ ಅಲ್ಲ, ಡೆಂಗಿಗೆ. 2008ರಲ್ಲಿ ಚಿಕುನ್‌ಗುನ್ಯಾ ಬಂದಾಗ ನಮ್ಮಲ್ಲಿ ಒಂದೊಂದು ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಲಗಿದ್ರು, ಗಂಟು ನೋವಲ್ಲಿ ಬಾವಿಯಿಂದ ನೀರು ಸೇದ್ಲಿಕ್ಕೆ ಜನ ಇರ್ಲಿಲ್ಲ. ಈ ಸೊಳ್ಳೆ ಕಚ್ಚುದು ಹಗಲು, ರಾತ್ರಿಯ ಪರದೆ ಒಂದೇ ಸಾಕಾಗುದಿಲ್ಲ. ನಿಮ್ಮ ಹಿಂದೆ ಅಡಿಕೆ ತೋಟ ಅಂದ್ರಲ್ಲ, ಬಿದ್ದ ಹಾಳೆಯಲ್ಲಿ ದೋಣಿ ಹಾಗೆ ನೀರು ನಿಲ್ತದೆ, ಅದರಲ್ಲಿ ಮರಿ ಆಗುದು. ರಬ್ಬರ್ ಮರಕ್ಕೆ ಕಟ್ಟುವ ಹಾಲಿನ ಚಿಪ್ಪು, ಅರ್ಧ ಒಡೆದ ಎಳನೀರು ಬೊಂಡ, ಟಯರು, ಎಲ್ಲ ಹಾಗೇ. ವಾರಕ್ಕೊಂದು ದಿನ, ಆದಿತ್ಯವಾರ ಅಂತ ಇಟ್ಕೊಳ್ಳಿ, ಸುತ್ತ ಹೋಗಿ ಹಾಳೆ ಕವುಚಿ ಹಾಕಿ, ತೋಟದೊಳಗೆ ಓನರ್ ಹತ್ರ ಹೇಳಿ ಮಾಡಿಸಿ. ಗಮ್‌ಬೂಟ್ ಹಾಕಿಕೊಂಡೇ ಹೋಗಿ, ಹಾಳೆಯನ್ನು ಕೋಲಲ್ಲೇ ಮಗುಚಿ, ಅಡಿಯಲ್ಲಿ ಎಂತ ಇರ್ತದೆ ಹೇಳ್ಲಿಕ್ಕೆ ಆಗುದಿಲ್ಲ.

ಮಗಳಿಗೆ ಶಾಲೆಗೆ ಹೋಗುವಾಗ ಉದ್ದ ಕೈಯ ಅಂಗಿ. ಮೂರು ದಿನ ಜ್ವರ ಬಿಡದಿದ್ರೆ ರಕ್ತ ಪರೀಕ್ಷೆ ಮಾಡಿಸಿ, ಮೆಡಿಕಲ್ ಅಂಗಡಿಯಿಂದ ಕೈಗೆ ಸಿಕ್ಕಿದ ನೋವಿನ ಗುಳಿಗೆ ತಂದು ನುಂಗಿಸ್ಬೇಡಿ, ಪ್ಯಾರಾಸಿಟಮಾಲ್ ಮಾತ್ರ. ಮತ್ತೆ ಯಾವ ವಾರ್ಡ್ ಅಂತ ಗೊತ್ತಾದ ಮೇಲೆ ಅಲ್ಲಿಯ ಆಶಾನ ನಂಬರ್ ಕೇಳಿ ಇಟ್ಕೊಳ್ಳಿ, ಹಾವು ಹಿಡಿಯುವವರ ನಂಬರ್ ಹೆಚ್ಚಾಗಿ ಅವಳ ಫೋನಲ್ಲೇ ಇರ್ತದೆ.