ಅಪ್ಪು ಕಣ್ಣು ಕೊಟ್ಟರು ಸರಿ, ನಮ್ಮ ಮನೇಲಿ ಫೋನ್ ಮಾಡೋರು ಯಾರು?

ದೊಡ್ಡಪ್ಪ, ನಮಸ್ಕಾರ. ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬಿಡುವು ಮಾಡ್ಕೊಂಡು ಪೂರ್ತಿ ಕೇಳಿ. ಸಿನಿಮಾದವರಿಂದ ಸಮಾಜಕ್ಕೆ ಮೂರು ಕಾಸಿನ ಉಪಯೋಗ ಇಲ್ಲ, ಹುಡುಗರು ಕೆಟ್ಟಿದ್ದೇ ಇವರಿಂದ ಅಂತ ದೊಡ್ಡಪ್ಪ ಬೆಳಿಗ್ಗೆ ನಮ್ಮ ಮನೆಯವರ ಗ್ರೂಪಲ್ಲಿ ಹಾಕಿದ್ರು. ಅದಕ್ಕೆ ಹುಡುಗರೆಲ್ಲ ಅಪ್ಪು, ಅಂದ್ರೆ ಪುನೀತ್ ರಾಜ್‌ಕುಮಾರ್, ಕಣ್ಣು ನಾಲ್ಕು ಜನಕ್ಕೆ ಹೋಯ್ತು ಅನ್ನೋ ನೇತ್ರದಾನದ ಫೋಟೋ ಹಾಕಿ ವಾದಕ್ಕೆ ನಿಂತರು. ನಡುವೆ ಶಿವಮೊಗ್ಗ ಚಿಕ್ಕಮ್ಮ, "ಎರಡು ಕಣ್ಣು ನಾಲ್ಕು ಜನಕ್ಕೆ ಹೇಗಪ್ಪ ಆಗತ್ತೆ?" ಅಂತ ಕೇಳಿದ್ರು. ಆ ಗಲಾಟೇಲಿ ಅವರಿಗೆ ಯಾರೂ ಉತ್ತರ ಕೊಡಲಿಲ್ಲ. ಇದ್ದ ಪ್ರಶ್ನೆಗಳಲ್ಲಿ ಒಳ್ಳೇದು ಅದೇ.

ಮೊದಲು ದೊಡ್ಡಪ್ಪನ ಮಾತು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಬಸ್ಸು ಸುಟ್ಟರು, ಗೋಲಿಬಾರ್ ಆಯ್ತು, ಒಬ್ಬ ಪೊಲೀಸ್ ಸಿಬ್ಬಂದಿಯೂ ಸೇರಿ ಹಲವರ ಜೀವ ಹೋಯ್ತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಮೂವರು ಹುಡುಗರು ಕರೆಂಟ್ ಹೊಡೆದು ಸತ್ತರು. ಫ್ಲೆಕ್ಸ್ ಕಟ್ಟೋ ಚೌಕಟ್ಟು ಕಬ್ಬಿಣದ್ದು, ಎತ್ತಿ ನಿಲ್ಲಿಸುವಾಗ ಒಂದು ಕಡೆ ವಾಲಿದರೆ ಸಾಕು, ಮೇಲಿನ ತಂತಿಗೆ ತಾಗತ್ತೆ, ಹಿಡಿದ ಅಷ್ಟೂ ಜನಕ್ಕೆ ಹೊಡೆಯತ್ತೆ. ಬೀದಿಯಲ್ಲಿ ತಂತಿ ಹಾದುಹೋಗಿದ್ರೆ ಅಲ್ಲಿ ಕಟೌಟ್ ಬೇಡವೇ ಬೇಡ. ನಮ್ಮ ಹುಡುಗರು ಈ ಒಂದು ಮಾತು ನೆನಪಿಡಬೇಕು.

ಆದರೆ ನಟನ ಮಾತಿಗೆ ಜನ ಎದ್ದು ಬರೋ ಶಕ್ತಿ ಇದೆಯಲ್ಲ, ಅದು ಕಟೌಟ್‌ಗೂ ಹೋಗತ್ತೆ, ಒಳ್ಳೆ ಕೆಲಸಕ್ಕೂ ಹೋಗತ್ತೆ. ಯಾವ ಕಡೆ ಹೋಗತ್ತೆ ಅನ್ನೋದು, ಎದ್ದು ಬಂದ ಜನರನ್ನ ಹಿಡಿದು ಕೆಲಸಕ್ಕೆ ಹಚ್ಚೋ ವ್ಯವಸ್ಥೆ ಅಲ್ಲಿ ಇದೆಯಾ ಇಲ್ವಾ ಅನ್ನೋದರ ಮೇಲೆ ನಿಂತಿದೆ. 2021ರ ಅಕ್ಟೋಬರ್ 29ಕ್ಕೆ ಪುನೀತ್ ಹೃದಯಾಘಾತದಿಂದ ಹೋದರು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಆರೋಗ್ಯವಾಗಿದ್ದ ಹುಡುಗರೆಲ್ಲ ತಪಾಸಣೆಗೆ ಸಾಲು ನಿಂತರು, ಹೆದರಬೇಡಿ ಅಂತ ವೈದ್ಯರೇ ಕೇಳ್ಕೋಬೇಕಾಯ್ತು. ಆಮೇಲೆ ಸರ್ಕಾರ ಪುನೀತ್ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ಮಾಡಿತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತ ಅಂತ ಖಚಿತವಾದರೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಹಳ್ಳಿ ಕಡೆ ಇರೋರು ಎದೆನೋವು ಬಂದರೆ ಗ್ಯಾಸ್ ಅಂತ ಕೂರಬೇಡಿ, ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ.

ಇನ್ನು ಕಣ್ಣು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ನೇತ್ರ ಬ್ಯಾಂಕ್ ಶುರುವಾಗಿದ್ದು 1994ರಲ್ಲಿ. ರಾಜ್‌ಕುಮಾರ್ ಅವರೇ ಉದ್ಘಾಟನೆ ಮಾಡಿ, ಇಡೀ ಕುಟುಂಬದ ಕಣ್ಣು ದಾನ ಕೊಡ್ತೀವಿ ಅಂದ್ರು. 2006ರಲ್ಲಿ ಅವರದ್ದು ಕೊಟ್ಟರು, 2017ರಲ್ಲಿ ಪಾರ್ವತಮ್ಮನವರದ್ದು, 2021ರಲ್ಲಿ ಪುನೀತ್ ಅವರದ್ದು. ಅಷ್ಟು ದುಃಖ, ಹೊರಗೆ ಅಷ್ಟು ಜನಸಾಗರ, ಅದರ ನಡುವೆ ಮನೆಯವರು ಹೊತ್ತು ಮೀರೋ ಮುಂಚೆ ಒಪ್ಪಿಗೆ ಕೊಟ್ಟರು. ನನಗೆ ಇದು ಯಾವ ಸಿನಿಮಾಗಿಂತಲೂ ದೊಡ್ಡದು.

ಚಿಕ್ಕಮ್ಮ, ದಾನ ಕೊಟ್ಟ ಕಣ್ಣಿನಲ್ಲಿ ಇನ್ನೊಬ್ಬರಿಗೆ ಹಾಕೋದು ಇಡೀ ಕಣ್ಣುಗುಡ್ಡೆ ಅಲ್ಲ. ಕಪ್ಪು ಗುಡ್ಡೆಯ ಮುಂದೆ ವಾಚಿನ ಗಾಜಿನ ಥರ ಒಂದು ಪಾರದರ್ಶಕ ಪದರ ಇದೆ, ಅದೇ ಕಾರ್ನಿಯಾ. ಅಗಲ 11ರಿಂದ 12 ಮಿಲಿಮೀಟರ್, ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳ ಇಲ್ಲ, ಹಾಗಾಗಿ ಬ್ಲಡ್ ಗ್ರೂಪ್ ಹೊಂದಿಸೋ ತಾಪತ್ರಯ ಸಾಮಾನ್ಯವಾಗಿ ಇಲ್ಲ. ಆ ಅರ್ಧ ಮಿಲಿಮೀಟರನ್ನೇ ಮುಂಭಾಗ, ಹಿಂಭಾಗ ಅಂತ ಎರಡು ಮಾಡಬಹುದು. ಹುಲ್ಲು ಚುಚ್ಚಿ ಹುಣ್ಣಾಗಿ ಮೇಲೆ ಬಿಳಿ ಕಲೆ ಉಳಿದವರಿಗೆ ಮುಂಭಾಗ ಸಾಕು. ಹಿಂಭಾಗದಲ್ಲಿ ನೀರು ಹೊರಹಾಕೋ ಜೀವಕೋಶಗಳ ಒಂದು ಸಾಲಿರತ್ತೆ. ಅದು ಸೋತು ಕಾರ್ನಿಯಾ ಊದಿಕೊಂಡವರಿಗೆ ಹಿಂಭಾಗ ಬೇಕು. ಆ ತೆಳು ಪದರವನ್ನ ಒಳಗೆ ತೂರಿಸಿ, ಹಿಂದಿನಿಂದ ಗಾಳಿಗುಳ್ಳೆ ಬಿಟ್ಟು ಒತ್ತಿ ಅಂಟಿಸ್ತಾರೆ, ರೋಗಿ ಅಂಗಾತ ಮಲಗಿಯೇ ಇರಬೇಕು, ಇಲ್ಲದಿದ್ರೆ ಪದರ ಜಾರತ್ತೆ. ಪುನೀತ್ ಅವರ ಎರಡೂ ಕಾರ್ನಿಯಾ ಹೀಗೆ ಎರಡೆರಡಾಗಿ ನಾಲ್ವರಿಗೆ ಹೋಯ್ತು. ಎಲ್ಲರ ಕಣ್ಣಿಗೂ ಹೀಗೆ ಮಾಡಕ್ಕಾಗಲ್ಲ, ಪದರ ಗಟ್ಟಿಮುಟ್ಟಾಗಿರಬೇಕು, ಸರಿಹೊಂದುವ ರೋಗಿಗಳು ಆ ಹೊತ್ತಿಗೆ ಸಿಗಬೇಕು. ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ರೋಗ), ರೆಟಿನಾ (ಕಣ್ಣಿನ ಹಿಂದಿನ ಪರದೆ) ತೊಂದರೆಯಿಂದ ದೃಷ್ಟಿ ಹೋದವರಿಗೆ ಇದರಿಂದ ಉಪಯೋಗ ಇಲ್ಲ, ಸುಮ್ಮನೆ ಯಾರಿಗೂ ಆಸೆ ಹುಟ್ಟಿಸಬೇಡಿ.

ಈಗ ಹುಡುಗರಿಗೆ ಹೇಳ್ತೀನಿ. ಅಪ್ಪು ಹೋದ ಮೇಲೆ ನೇತ್ರದಾನದ ನೋಂದಣಿಗೆ ಜನ ಮುಗಿಬಿದ್ದರು, ನಿಮ್ಮಲ್ಲೂ ಕೆಲವರ ಹತ್ರ ಕಾರ್ಡ್ ಇದೆ. ಆದರೆ ನೋಂದಣಿ ಬೇರೆ, ದಾನ ಬೇರೆ. ಕಾರ್ಡ್ ಪರ್ಸಲ್ಲಿ ಉಳಿಯತ್ತೆ, ಮನೆಯವರಿಗೆ ಗೊತ್ತೇ ಇರಲ್ಲ. ಸತ್ತವರು ಬಂದು ಫೋನ್ ಮಾಡಲ್ಲ, ಫೋನ್ ಮಾಡಬೇಕಾದ್ದು ಉಳಿದವರು. ಕಾರ್ಡ್ ಇಲ್ಲದಿದ್ರೂ ಮನೆಯವರು ಒಪ್ಪಿದರೆ ದಾನ ಆಗತ್ತೆ. ಕಾರ್ಡ್ ಇದ್ದೂ ಮನೆಯವರು ಬೇಡ ಅಂದ್ರೆ ನೇತ್ರ ಬ್ಯಾಂಕಿನವರು ವಾಪಸ್ ಹೋಗ್ತಾರೆ.

ಸಾವು ಖಚಿತವಾದ ಅರ್ಧ ಗಂಟೆಯೊಳಗೆ ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಸಾಮಾನ್ಯವಾಗಿ 6 ಗಂಟೆಯೊಳಗೆ ಕಾರ್ನಿಯಾ ತೆಗೀಬೇಕು. ಅವರು ಬರೋವರೆಗೆ ರೆಪ್ಪೆ ಮುಚ್ಚಿ, ಮೇಲೆ ಶುದ್ಧ ನೀರಲ್ಲಿ ನೆನೆಸಿದ ಹತ್ತಿ ಇಡಿ. ತಲೆಯ ಮೇಲೆ ತಿರುಗೋ ಫ್ಯಾನ್ ಆರಿಸಿ, ಎಸಿ ಇದ್ದರೆ ಇರಲಿ. ತಲೆ ಕೆಳಗೆ ದಿಂಬಿಟ್ಟು ಅರ್ಧ ಅಡಿ ಎತ್ತರಿಸಿ, ಆಗ ಕಣ್ಣಿನ ಸುತ್ತ ರಕ್ತ ಇಳಿದು ಊತ ಬರಲ್ಲ. ಬಹಳ ಕಣ್ಣುಗಳು ಹಾಳಾಗೋದು ರೆಪ್ಪೆ ಅರೆತೆರೆದು, ಮೇಲೆ ಫ್ಯಾನ್ ಗಾಳಿ ಬಡಿದು ಒಣಗಿ. ಬಾಯಿಗೆ ಗಂಗೆ ಬಿಡಿ, ಹಣೆಗೆ ವಿಭೂತಿ ಇಡಿ, ಕಣ್ಣೊಳಗೆ ಮಾತ್ರ ಏನೂ ಹಾಕಬೇಡಿ. ವೈದ್ಯರು ಕೊಟ್ಟ ಮರಣದ ಚೀಟಿ, ಹಳೇ ರಿಪೋರ್ಟು, ತಗೊಳ್ತಿದ್ದ ಮಾತ್ರೆಗಳ ಪಟ್ಟಿ ಕೈಗೆ ಸಿಗೋ ಹಾಗಿಡಿ.

ಅವರೇ ಮನೆಗೆ ಬರ್ತಾರೆ, ದುಡ್ಡು ಕೇಳಲ್ಲ. ಹತ್ತಿರದ ಸಂಬಂಧಿಯ ಸಹಿ, ಸಾಕ್ಷಿಗಳ ಸಹಿ ಹಾಕಿಸ್ಕೊಳ್ತಾರೆ. ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗೆ 5ರಿಂದ 10 ಎಂಎಲ್ ರಕ್ತ ತಗೊಳ್ತಾರೆ. ಕಣ್ಣಿನ ಸುತ್ತ ಅಯೋಡಿನ್ ಹಚ್ಚಿ ಶುಚಿ ಮಾಡಿ, ಕಾರ್ನಿಯಾ ಜೊತೆಗೆ ಬಿಳಿಗುಡ್ಡೆಯ ಎರಡು ಮೂರು ಮಿಲಿಮೀಟರ್ ಅಂಚನ್ನೂ ಸೇರಿಸಿ ಕತ್ತರಿಸಿ, ಗುಲಾಬಿ ಬಣ್ಣದ ದ್ರವ ಇರೋ ಸಣ್ಣ ಬಾಟಲಿಗೆ ಹಾಕ್ತಾರೆ. ಅರ್ಧ ಗಂಟೆಯ ಕೆಲಸ. ರೆಪ್ಪೆ ಮತ್ತೆ ಮುಚ್ಚತ್ತೆ, ಮುಖ ಕೆಡಲ್ಲ, ದರ್ಶನಕ್ಕೆ ಬಂದವರಿಗೆ ಗೊತ್ತೂ ಆಗಲ್ಲ. ಕಾರ್ನಿಯಾ ಕೆಡದಂತೆ ಇಡಲು ನಮ್ಮಲ್ಲಿ ಹೆಚ್ಚು ಬಳಸೋ ಎಂಕೆ ಅನ್ನೋ ದ್ರಾವಣದಲ್ಲಿ ಅದು ತಣ್ಣಗೆ 4 ದಿನ ಇರತ್ತೆ, ಬೇರೆ ದ್ರಾವಣದಲ್ಲಿ 14 ದಿನದವರೆಗೂ ಇಡಬಹುದು.

ಕನ್ನಡಕ ಇತ್ತು, ಶುಗರ್ ಇತ್ತು, ಬಿಪಿ ಇತ್ತು, ಪೊರೆ ಆಪರೇಷನ್ ಆಗಿತ್ತು ಅಂತ ನೀವೇ ಬೇಡ ಅನ್ನಬೇಡಿ, ಅವು ಯಾವುವೂ ಅಡ್ಡಿ ಅಲ್ಲ. ರೇಬೀಸ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರಕ್ತದ ಕ್ಯಾನ್ಸರ್, ಮೈಯೆಲ್ಲ ನಂಜೇರಿ ಸತ್ತವರು, ಇಂಥವು ಆಗಲ್ಲ. ಅಪಘಾತದ ಸಾವಾದರೆ ಪೊಲೀಸರಿಗೂ ಅದೇ ಹೊತ್ತಿಗೆ ಹೇಳಿ, ಪೋಸ್ಟ್‌ಮಾರ್ಟಂ ಇದೆ ಅಂತ ಕೈಚೆಲ್ಲಬೇಡಿ. ಕಿಡ್ನಿ, ಲಿವರ್ ದಾನ ಬೇರೆ ದಾರಿ. ಅದು ಮೆದುಳು ನಿಷ್ಕ್ರಿಯ ಆದವರದ್ದು, ವೆಂಟಿಲೇಟರ್ ಮೇಲಿರುವಾಗಲೇ, ರಾಜ್ಯದ ಅಂಗಾಂಗ ದಾನದ ಸಂಸ್ಥೆ ಜೀವಸಾರ್ಥಕತೆ ಮೂಲಕ ಆಗಬೇಕು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ಮನೆಯವರು ಆ ದಾರೀಲಿ ಕೊಟ್ಟರು.

ದೊಡ್ಡಪ್ಪ, ಇಷ್ಟರಲ್ಲಿ ಎಲ್ಲಕ್ಕಿಂತ ಹೆಚ್ಚು ಕೈಕೊಡೋದು ಏನು ಗೊತ್ತಾ? ಹಿರಿಯರು ಬರಲಿ, ದುಬೈಯಿಂದ ಮಗಳು ಬರಲಿ ಅಂತ ಕಾಯೋದು. ಮಗಳು ಬರೋವಷ್ಟರಲ್ಲಿ ಆ 6 ಗಂಟೆ ಮುಗಿದಿರತ್ತೆ. ಮಗಳಿಗೆ ಮೊದಲೇ ಹೇಳಿಟ್ಟಿದ್ರೆ ಫೋನಲ್ಲಿ ಒಂದು ಮಾತು ಸಾಕು. ಮನೆಯ ಹಿರಿಯರು ನೀವು. ನೀವು ಬದುಕಿರುವಾಗಲೇ ಎಲ್ಲರ ಮುಂದೆ "ನನ್ನದು ಕೊಡಿ" ಅಂತ ಒಂದು ಸಲ ಅಂದರೆ, ಆ ಹೊತ್ತಿಗೆ ನಿಮ್ಮ ಮಕ್ಕಳು ತಡವರಿಸಲ್ಲ. ಅಣ್ಣಾವ್ರ ಮಾತು ಅವರ ಮನೆಯಲ್ಲಿ ಮಾಡಿದ್ದು ಅದನ್ನೇ.

ಚಿಕ್ಕಮ್ಮ, ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ತಾರೆ ಅಂತ ಅತ್ತೆಗೆ ಭಯ ಇದೆ ಅಂತಲೂ ಹೇಳಿದ್ರಲ್ಲ, ಇವತ್ತೇ ಅವರ ಪಕ್ಕ ಕೂತು ಮಾತಾಡಿ, ಒತ್ತಾಯ ಬೇಡ. ಅವರು ಒಪ್ಪಿದರೆ ನಿಮ್ಮ ಊರಿಗೆ ಹತ್ತಿರದ ನೇತ್ರ ಬ್ಯಾಂಕ್ ಯಾವುದು ಅಂತ ಜಿಲ್ಲಾಸ್ಪತ್ರೆ ಕಣ್ಣಿನ ವಿಭಾಗದಲ್ಲಿ ವಿಚಾರಿಸಿ, ರಾತ್ರಿ ಹೊತ್ತೂ ಫೋನ್ ಎತ್ತುತ್ತಾರಾ ಅಂತ ಒಂದು ಸಲ ಮಾಡಿ ನೋಡಿ, ಆಮೇಲೆ ಆ ನಂಬರನ್ನ ಅಡುಗೆಮನೆ ಕ್ಯಾಲೆಂಡರ್ ಮೇಲೆ ಗ್ಯಾಸ್ ನಂಬರ್ ಪಕ್ಕದಲ್ಲಿ ದಪ್ಪಗೆ ಬರೆದಿಡಿ.