ಮೋಹನ್ ಚಿಕ್ಕಪ್ಪನ ಫೆರಿಟಿನ್ 412

ಮೋಹನ್ ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ!! ಮೈಯಲ್ಲಿ ಕಬ್ಬಿಣ ತುಂಬಿ ಲಿವರ್ ಹಾಳು ಮಾಡೋ ವಂಶದ ಕಾಯಿಲೆ. ಫೆರಿಟಿನ್ (ಕಬ್ಬಿಣ ಕೂಡಿಡೋ ಪ್ರೋಟೀನ್, ರಕ್ತದಲ್ಲಿ ಅಳೀತಾರೆ) 300 ದಾಟಿದ್ರೆ ಕೂಡಲೇ ಜೀನ್ ಟೆಸ್ಟ್ ಮಾಡಿಸಿ. ಕಬ್ಬಿಣದ ಬಾಣಲೆ ಬಿಸಾಡಿ. ಎಲ್ಲರಿಗೂ ಕಳಿಸಿ 🙏

ಮೋಹನ್ ಚಿಕ್ಕಪ್ಪ: ನಂದು 412 ಬಂದಿದೆ.

ಗಿರೀಶ: ಬರೆದೋರು ಯಾರು ಚಿಕ್ಕಪ್ಪ? ಯಾವ ಜೀನ್ ಅಂತಾನೂ ಇಲ್ವಲ್ಲ.

ಮೋಹನ್ ಚಿಕ್ಕಪ್ಪ: ನಿನಗೆ ಎಲ್ಲದಕ್ಕೂ ಪುರಾವೆ ಬೇಕು. ಸೈಟ್ ಕಾಗದದ ವಿಷಯದಲ್ಲೂ ಹೀಗೇ ಮಾಡಿದೆ.

ಶಾರದತ್ತೆ: ಗಿರೀಶ, ಹಿರಿಯರು ಒಳ್ಳೇದಕ್ಕೇ ಕಳಿಸ್ತಾರೆ. ಹೊತ್ತಿಗೆ ಸರಿಯಾಗಿ ಮನೆ ಊಟ ಮಾಡಿದ್ರೆ ಇದೆಲ್ಲ ಬರಲ್ಲ.

ಸುಮಾ: ಕಾಯಿಲೆ ಹೆಸರು ಹೀಮೋಕ್ರೊಮಾಟೋಸಿಸ್. ಜೀನ್ ಎಚ್‌ಎಫ್‌ಇ, 1996ರಲ್ಲಿ ಪತ್ತೆಯಾಗಿದ್ದು. ಕಾಯಿಲೆ ತರೋ ಮುಖ್ಯ ದೋಷ ಸಿ282ವೈ. ಐರ್ಲೆಂಡ್ ಕಡೆ ಜಾಸ್ತಿ, ನಮ್ಮವರಲ್ಲಿ ತೀರಾ ಅಪರೂಪ. ನಮ್ಮಲ್ಲಿ ಸಿಗೋದು ಅದೇ ಜೀನ್‌ನ ಇನ್ನೊಂದು ಬದಲಾವಣೆ ಎಚ್63ಡಿ, ಅದೊಂದರಿಂದಲೇ ಸಾಮಾನ್ಯವಾಗಿ ಕಬ್ಬಿಣ ತುಂಬಲ್ಲ. ಅಗ್ಗದ ಟೆಸ್ಟ್ ಇಂಥ ಎರಡು ಮೂರು ಜಾಗ ಮಾತ್ರ ನೋಡುತ್ತೆ. ಎಚ್63ಡಿ ಅಂತ ಬಂದ್ರೆ ಸುಮ್ಮನೆ ಗಾಬರಿ. ಏನೂ ಇಲ್ಲ ಅಂತ ಬಂದ್ರೆ ಅದನ್ನೂ ನಂಬೋ ಹಾಗಿಲ್ಲ, ಬೇರೆ ಜೀನ್‌ಗಳನ್ನ ನೋಡೇ ಇರಲ್ಲ.

ಚೇತು: ಬಾಣಲೆ ಅಂದ್ರೆ ಅಜ್ಜಿ ಮಾಡ್ತಿದ್ದ ಬದನೆಕಾಯಿ ಪಲ್ಯ 😍 ಆ ಬಾಣಲೆ ಈಗೆಲ್ಲಿದೆ?

ಶಾರದತ್ತೆ: ಮೋಹನನ ಮನೇಲಿ. ಒಂದು ಮಾತು ಕೇಳದೆ ತಗೊಂಡು ಹೋದ.

ಮೋಹನ್ ಚಿಕ್ಕಪ್ಪ: ಅಕ್ಕಾ, ಅಮ್ಮನೇ ಕೈಯಾರೆ ಕೊಟ್ಟಿದ್ದು!

ಗಿರೀಶ: ಅದನ್ನೇ ಈಗ ಬಿಸಾಡ್ತೀರಾ?

ಸುಮಾ: ಯಾರೂ ಬಿಸಾಡಬೇಡಿ. ಕರುಳು ಕಬ್ಬಿಣ ಹೀರೋದನ್ನ ಹತೋಟಿಯಲ್ಲಿಡೋದು ಲಿವರಿನ ಹೆಪ್ಸಿಡಿನ್ ಅನ್ನೋ ಹಾರ್ಮೋನು. ಅದು ಕಡಿಮೆಯಾದಾಗ ಈ ಕಾಯಿಲೆ, ಬಾಣಲೆಯಿಂದಲ್ಲ. ಚಿಕ್ಕಪ್ಪ, ನಿಮ್ಮ ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಅಂತಿತ್ತು. ಅದರಿಂದಲೂ, ಜ್ವರ, ಸೋಂಕು, ಕುಡಿತದಿಂದಲೂ ಫೆರಿಟಿನ್ ಏರುತ್ತೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಸೀರಮ್ ಐರನ್ (ರಕ್ತದಲ್ಲಿರೋ ಕಬ್ಬಿಣ), ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಅನ್ನೋ ಅಳತೆ) ಟೆಸ್ಟ್‌ಗೆ ರಕ್ತ ಕೊಡಿ. ಹಿಂದಿನ ದಿನ ಐರನ್ ಮಾತ್ರೆ ಬೇಡ. ಐರನ್ನನ್ನ ಟಿಐಬಿಸಿಯಿಂದ ಭಾಗಿಸಿ 100ರಿಂದ ಗುಣಿಸಿ. ಐರನ್ 90, ಟಿಐಬಿಸಿ 300 ಬಂದ್ರೆ 30%. ಅಷ್ಟಿದ್ರೆ ಜೀನ್ ಟೆಸ್ಟ್‌ಗೆ ದುಡ್ಡು ಹಾಕಬೇಡಿ, ಲಿವರ್ ಕಡೆ ನೋಡಿ.

ಮೋಹನ್ ಚಿಕ್ಕಪ್ಪ: ಜಾಸ್ತಿ ಬಂದ್ರೆ?

ಸುಮಾ: ಇನ್ನೊಮ್ಮೆ ಮಾಡಿಸಿದಾಗಲೂ 45% ದಾಟಿದ್ರೆ ಡಾಕ್ಟರ್ ಹತ್ರ ಪೂರ್ತಿ ಪ್ಯಾನೆಲ್ (ಹಲವು ಜೀನ್ ಒಟ್ಟಿಗೆ ನೋಡೋ ಟೆಸ್ಟ್) ಕೇಳಿ. ಎಚ್‌ಎಫ್‌ಇ ಜೊತೆ ಎಚ್‌ಜೆವಿ, ಎಚ್‌ಎಎಂಪಿ, ಟಿಎಫ್‌ಆರ್2, ಎಸ್‌ಎಲ್‌ಸಿ40ಎ1 ಇರಲೇಬೇಕು.

ಶಾರದತ್ತೆ: ಇವನಿಗಿದ್ರೆ ನನಗೂ ಇರುತ್ತಾ?

ಸುಮಾ: ಪ್ರತಿ ಜೀನ್‌ಗೂ ಅಪ್ಪನಿಂದೊಂದು, ಅಮ್ಮನಿಂದೊಂದು ಪ್ರತಿ ಇರುತ್ತೆ. ಮೊದಲ ನಾಲ್ಕು ಜೀನ್‌ಗಳಲ್ಲಿ ಒಂದರ ಎರಡೂ ಪ್ರತಿ ಕೆಟ್ಟಿದ್ರೆ ಒಡಹುಟ್ಟಿದವರಿಗೆ ನಾಲ್ಕರಲ್ಲಿ ಒಂದು ಸಾಧ್ಯತೆ ಅತ್ತೆ. ಕೊನೇದಕ್ಕೆ ಒಂದು ಪ್ರತಿ ಕೆಟ್ಟರೂ ಸಾಕು, ಸಾಧ್ಯತೆ ಅರ್ಧ. ಚಿಕ್ಕಪ್ಪಂದು ದೋಷ ಸಿಕ್ಕಿದ್ರೆ ನಿಮಗೆ ಆ ದೋಷ ಇರೋ ಜಾಗ ಮಾತ್ರ ನೋಡಿದ್ರೆ ಸಾಕು.

ಮೋಹನ್ ಚಿಕ್ಕಪ್ಪ: ಸರಿ, ಸೋಮವಾರ ಕೊಡ್ತೀನಿ.